ಡಬ್ಬಿ ತರಬೇಡಿ

ಎಲ್ರಿಗೂ ನಮಸ್ಕಾರ. ಮನೇಲಿ ತುಂಬ್ಕೊಂಡಿರೋ ಬೇಡದ ಸಾಮಾನನ್ನ ಹೆಂಗೆ ಕಮ್ಮಿ ಮಾಡ್ಕೊಳ್ಳೋದು ಅಂತ ಸ್ವಲ್ಪ ಹೇಳಿ ಅಂತ ಕರ್ದಿದಾರೆ. ಟೈಮ್ ಕಮ್ಮಿ ಇದೆ, ಹಂಗಾಗಿ ಸುತ್ತಿ ಬಳಸಿ ಮಾತಾಡಲ್ಲ, ಹೇಳ್ಬೇಕಿರೋದನ್ನ ಈಗ್ಲೇ ಹೇಳ್ಬಿಡ್ತೀನಿ, ಆಮೇಲೆ ನೀವು ಮಧ್ಯದಲ್ಲಿ ರೇಡಿಯೋ ಆಫ್ ಮಾಡಿದ್ರೂ ಪರ್ವಾಗಿಲ್ಲ. ಡಬ್ಬಿ ತರಬೇಡಿ. ಅಷ್ಟೇ. ಪ್ಲಾಸ್ಟಿಕ್ ಡಬ್ಬಿ, ಬುಟ್ಟಿ, ರ‍್ಯಾಕು, ಮಂಚದ ಕೆಳಗೆ ತಳ್ಳೋ ಜಿಪ್ ಬ್ಯಾಗು, ಬಾಗಿಲ ಹಿಂದೆ ನೇತು ಹಾಕೋ ಜೇಬು ಜೇಬಿನ ಬಟ್ಟೆ, ಯಾವ್ದೂ ಬೇಡ. ಮೊದ್ಲು ಸಾಮಾನು ಹೊರಗೆ ಹೋಗ್ಲಿ.

ನನ್ನ ಕೆಲ್ಸ ಏನಪ್ಪಾ ಅಂದ್ರೆ ಬೇರೆಯವರ ಮನೆಗೆ ಹೋಗಿ ಅವರ ಜೊತೆ ನೆಲದ ಮೇಲೆ ಕೂತು ಬೀರು ಖಾಲಿ ಮಾಡ್ಸೋದು. ಇದೂ ಒಂದು ಕೆಲ್ಸಾನಾ ಅಂತ ನಮ್ಮಮ್ಮನೇ ಮೊದ್ಲು ನಕ್ಕಿದ್ರು. ಹನ್ನೊಂದು ವರ್ಷ ಆಯ್ತು. ನನಗೆ ಬರೋ ಫೋನುಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ, ಮೇಡಂ ಯಾವ ಸೈಜಿನ ಡಬ್ಬಿ ತಗೋಬೇಕು, ಮುಚ್ಚಳ ಇರೋದಾ ಇಲ್ದೇ ಇರೋದಾ, ಒಳಗಿರೋದು ಕಾಣ್ಬೇಕಾ ಬೇಡ್ವಾ ಅಂತ. ನಾನು ಕೇಳ್ತೀನಿ, ಅದರೊಳಗೆ ಏನ್ ಹಾಕ್ತೀರಿ? ಆ ಕಡೆಯಿಂದ ಉತ್ತರ ಬರಲ್ಲ. ಸ್ವಲ್ಪ ಹೊತ್ತು ಬಿಟ್ಟು, ಅದೇ, ಸಾಮಾನು, ಅಂತಾರೆ. ಯಾವ ಸಾಮಾನು ಅಂದ್ರೆ ಗೊತ್ತಿಲ್ಲ. ಟೇಬಲ್ ಮೇಲಿದ್ದಿದ್ದು ಡಬ್ಬಿ ಒಳಗೆ ಹೋದ್ರೆ ಕಮ್ಮಿ ಆಯ್ತಾ ಹೇಳಿ? ಅಳಿಯ ಅಲ್ಲ ಮಗಳ ಗಂಡ ಅಂದಂಗಾಯ್ತು. ಎಣಿಸಿ ನೋಡಿದ್ರೆ ಅಷ್ಟೇ ಸಾಮಾನು, ಮೇಲೆ ಒಂದು ಡಬ್ಬಿ ಜಾಸ್ತಿ.

ಒಂದು ಮನೆ ಕಥೆ ಹೇಳ್ತೀನಿ, ಇದನ್ನ ನಾನು ಹೋದಲ್ಲೆಲ್ಲಾ ಹೇಳ್ತೀನಿ, ಕೇಳಿದೋರು ಇನ್ನೊಂದ್ಸಲ ಕೇಳಿ.

ರಿಟೈರ್ ಆದ ಒಬ್ರು ದೊಡ್ಡೋರು, ಅವರ ಮನೆಯವ್ರು, ಮಗಳು, ಚಿಕ್ಕ ಮೊಮ್ಮಗ. ಫೋನ್ ಮಾಡಿದ್ದು ಮಗಳು. ಮನೇಲಿ ಎರಡು ರೂಮು, ಒಂದ್ರಲ್ಲಿ ಸಾಮಾನು ಮಲಗತ್ತೆ, ಮೊಮ್ಮಗ ಹಾಲಲ್ಲಿ ಮಲಗ್ತಾನೆ. ನಾನು ಹೋಗಿ ಆ ರೂಮಿನ ಬಾಗ್ಲು ತೆಗೆದ್ರೆ ಬಾಗ್ಲು ಅರ್ಧ ಅಷ್ಟೇ ತೆಗೆಯತ್ತೆ, ಹಿಂದೆ ಏನೋ ಅಡ್ಡ. ಆದ್ರೆ ಒಳಗೆ ಗಲೀಜಿಲ್ಲ, ಅದನ್ನ ಒಪ್ಕೋಬೇಕು. ಅಷ್ಟೂ ಡಬ್ಬಿಗಳು, ಒಂದರ ಮೇಲೊಂದು, ಗೋಡೆ ಕಟ್ಟಿದಂಗೆ, ಒಟ್ಟು ಮೂವತ್ನಾಲ್ಕು, ಪ್ರತಿ ಡಬ್ಬಿ ಮೇಲೂ ಮುದ್ದಾದ ಅಕ್ಷರದಲ್ಲಿ ಚೀಟಿ. "ಮುಖ್ಯ". "ತುಂಬಾ ಮುಖ್ಯ". "ನೋಡಬೇಕು". ಇನ್ನೊಂದ್ರ ಮೇಲೆ "ಇತರೆ 2". ಇತರೆ 1 ಕೊನೇವರೆಗೂ ಸಿಗ್ಲಿಲ್ಲ.

ಅವರಿಗೆ ನಾನು ಬಂದಿದ್ದೇ ಇಷ್ಟ ಇರ್ಲಿಲ್ಲ. ನೋಡಮ್ಮ, ನಮ್ಮ ಮನೇಲಿ ಎಲ್ಲಾ ವ್ಯವಸ್ಥಿತವಾಗಿದೆ, ಅಂದ್ರು. ನಾನು ಹೌದು ಸರ್, ಒಂದೇ ಒಂದು ಡಬ್ಬಿ ತೆಗೆದು ನೋಡೋಣ ಅಂದೆ, ತುಂಬಾ ಮುಖ್ಯ ಅಂತ ಇದ್ದಿದ್ದನ್ನೇ ಇಳಿಸ್ದೆ. ಒಳಗೆ ಒಂದು ರಿಮೋಟು, ಅದರ ಟೀವಿ ಹೋಗಿ ಯಾವ ಕಾಲ ಆಯ್ತೋ, ಹಿಂದಿನ ಮುಚ್ಚಳ ತೆಗೆದ್ರೆ ಸೆಲ್ಲು ಸೋರಿ ಸ್ಪ್ರಿಂಗ್ ಮೇಲೆಲ್ಲಾ ಬಿಳೀ ಹೊಪ್ಪಳೆ ಕಟ್ಟಿತ್ತು. ಒಂದು ಗೊಂಚಲು ಬೀಗದ ಕೈ, ಹದಿನೇಳು, ಒಂದಕ್ಕೂ ಬೀಗ ಇಲ್ಲ. ಒಂದು ಕವರ್ ತುಂಬಾ ಬಿಲ್ಲು, ನೀಟಾಗಿ ಮಡಚಿ ಇಟ್ಟಿದಾರೆ, ಬಿಚ್ಚಿದ್ರೆ ಖಾಲಿ ಹಾಳೆ. ಮೆಷಿನ್ನಿಂದ ಬರೋ ನುಣ್ಣನೆ ಬಿಲ್ ಇರತ್ತಲ್ಲ, ಅದರಲ್ಲಿ ಇಂಕೇ ಇರಲ್ಲ, ಬಿಸಿ ತಾಗಿದ ಕಡೆ ಕಪ್ಪಾಗೋ ಪೇಪರ್ ಅದು, ದಿನ ಕಳೆದಂಗೆ ಅಕ್ಷರ ಮಾಸಿ ಹೋಗತ್ತೆ. ವಾರಂಟಿಗೆ ಬೇಕು ಅಂತ ಜೋಪಾನ ಮಾಡಿದ್ದು, ಈಗ ಅದು ಯಾವ ಸಾಮಾನಿನ ಬಿಲ್ಲು ಅಂತ ಅವರಿಗೂ ಗೊತ್ತಾಗ್ಲಿಲ್ಲ. ಅವರು ಬೆಳಕಿಗೆ ಹಿಡಿದು, ಓರೆ ಮಾಡಿ, ಕನ್ನಡಕ ತೆಗೆದು, ಹಾಕ್ಕೊಂಡು, ಎಲ್ಲಾ ನೋಡಿದ್ರು. ಪಾಪ ಅನ್ಸ್ತು.

ಆಮೇಲೆ ಆ ಶೂ. ಶೂ ಅಂಗಡಿಯವ್ರು ಕೊಡೋ ರಟ್ಟಿನ ಡಬ್ಬಿ, ಒಳಗೆ ತೆಳ್ಳನೆ ಬಿಳೀ ಕಾಗದ ಸುತ್ತಿ, ಕಂದು ಬಣ್ಣದ ಜೋಡಿ ಶೂ, ಮೇಲ್ಗಡೆ ಚರ್ಮ ಇನ್ನೂ ಮಿರಮಿರ ಅಂತಿದೆ. ಇದನ್ನ ಕೊಡಲ್ಲ, ಒಂದೇ ಸಲ ಹಾಕಿರೋದು, ಹೊಸದು, ಅಂದ್ರು. ಎಷ್ಟು ವರ್ಷ ಆಯ್ತು ಸರ್ ಅಂದೆ. ಹನ್ನೆರಡೋ ಹದಿಮೂರೋ. ಮತ್ಯಾಕೆ ಹಾಕ್ಕೊಳ್ಲಿಲ್ಲ? ಒಳ್ಳೆ ಫಂಕ್ಷನ್ ಬರ್ಲಿ ಅಂತ. ಅವರ ಮನೆಯವ್ರು ಬಾಗಿಲ ಹತ್ರ ನಿಂತಿದ್ರು, ರೀ, ಅಷ್ಟು ವರ್ಷದಲ್ಲಿ ಒಂದೂ ಒಳ್ಳೆ ಫಂಕ್ಷನ್ ಬರ್ಲಿಲ್ವಾ ನಮಗೆ, ಮಗಳ ಮದ್ವೆ ಆಯ್ತಲ್ಲ, ಅಂದ್ರು. ಅವರು ಏಯ್ ಸುಮ್ನಿರೇ ಅಂತ ಅಲ್ಲೇ ಒಂದು ಡಬ್ಬಿ ಮೇಲೆ ಕೂತು ಶೂ ಹಾಕ್ಕೊಂಡು ಲೇಸ್ ಕಟ್ಟಿ ಎದ್ರು, ನೋಡಮ್ಮ ಹೆಂಗಿದೆ ಅಂತ ಹಾಲಿನ ಆ ಕಡೆಯಿಂದ ಈ ಕಡೆಗೆ ನಡೆದ್ರು.

ನಡೆದಿದ್ದು ಏಳೆಂಟು ಹೆಜ್ಜೆ. ಮೊದಲನೇ ಹೆಜ್ಜೆಗೇ ನೆಲದ ಮೇಲೆ ಕರೀ ಪುಡಿ ಬಿತ್ತು. ಎರಡನೇದಕ್ಕೆ ಒಂದು ಚೂರು. ಅವರಿಗೆ ಗೊತ್ತಾಗಿಲ್ಲ, ಮುಖ ಎತ್ಕೊಂಡು ನಡೀತಿದಾರೆ, ಹಿಂದೆ ಇರುವೆ ಸಾಲಿನ ಥರ ಕರೀ ಪುಡಿ. ಕಿಟಕಿ ಹತ್ರ ತಿರುಗೋವಾಗ ಎಡಗಾಲಿನ ಸೋಲು ಪೂರ್ತಿ ಕಳಚಿ ಅಲ್ಲೇ ಉಳ್ಕೊಂಡ್ತು, ಶೂ ಮುಂದೆ ಹೋಯ್ತು. ಮೊಮ್ಮಗ ಓಡಿ ಬಂದು ಅದನ್ನ ಎತ್ಕೊಂಡು ಬೆರಳಲ್ಲಿ ಒತ್ತಿದ, ಅವನ ಕೈಯಲ್ಲೇ ಪುಡಿ ಆಯ್ತು.

ಇದು ಆ ಶೂ ಕಂಪನಿಯವರ ತಪ್ಪು ಅಂತ ಅಂದ್ಕೋಬೇಡಿ. ತುಂಬಾ ಶೂಗಳ ಸೋಲು ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್ಕಲ್ಲಿ ಮಾಡಿರ್ತಾರೆ, ಗಾಳೀಲಿರೋ ತೇವ ಅದನ್ನ ಒಳಗಿಂದ ಒಳಗೇ ಒಡೀತಾ ಹೋಗತ್ತೆ, ನೀವು ಹಾಕ್ಕೊಂಡ್ರೂ ಅಷ್ಟೇ, ಡಬ್ಬೀಲಿಟ್ರೂ ಅಷ್ಟೇ. ಎಲಾಸ್ಟಿಕ್ಕೂ ಹಂಗೇ, ಹಳೇ ಬಟ್ಟೇಲಿ ಎಳೆದ್ರೆ ಕಟಕಟ ಅಂತ ಹರಿಯತ್ತಲ್ಲ. ರಟ್ಟಿನ ಡಬ್ಬಿ ಮತ್ತೆ ಹಳೇ ಪುಸ್ತಕದಲ್ಲಿ ಬೆಳ್ಳಗೆ ಮೀನಿನ ಥರ ಹರಿಯೋ ಒಂದು ಹುಳ ಇರತ್ತೆ, ಅದಕ್ಕೆ ಕಾಗದ, ಗೋಂದು ಅಂದ್ರೆ ಹಬ್ಬದೂಟ. ಡಬ್ಬಿ ಒಳಗಿಟ್ರೆ ಸಾಮಾನು ಹಾಗೇ ಇರತ್ತೆ ಅಂತ ಅನ್ಕೊಂಡಿದೀವಿ. ಇರಲ್ಲ ಸ್ವಾಮಿ. ಯಾರಿಗೋ ಕೊಟ್ಟಿದ್ರೆ ಅವರು ನಾಲ್ಕು ವರ್ಷ ಹಾಕ್ಕೊಂಡು ಓಡಾಡಿರೋರು.

ಕಥೆ ಜಾಸ್ತಿ ಆಯ್ತು, ಗಾಜಿನ ಆಚೆ ಕೂತಿರೋರು ಗಡಿಯಾರ ತೋರಿಸ್ತಿದಾರೆ. ಬೇಗ ಹೇಳ್ತೀನಿ.

ಕೊಡೋಕೆ ಯಾಕೆ ಮನಸ್ಸು ಬರಲ್ಲ? ನೀವು ಜಿಪುಣರು ಅಂತ ಅಲ್ಲ, ಎಲ್ರಿಗೂ ಹಂಗೇ. 1990ರಲ್ಲಿ ಡೇನಿಯಲ್ ಕಾನೆಮನ್, ರಿಚರ್ಡ್ ಥೇಲರ್ ಮತ್ತೆ ಇನ್ನೊಬ್ರು ಸೇರಿ ಒಂದು ಪ್ರಯೋಗ ಪ್ರಕಟ ಮಾಡಿದ್ರು. ಕ್ಲಾಸಲ್ಲಿ ಅರ್ಧ ಜನಕ್ಕೆ ಒಂದೊಂದು ಮಗ್ ಕೊಟ್ರು, ಬಿಟ್ಟಿಯಾಗಿ. ಆಮೇಲೆ ಅವರನ್ನ ಎಷ್ಟಕ್ಕೆ ಮಾರ್ತೀರಿ ಅಂತ ಕೇಳಿದ್ರು, ಮಗ್ ಸಿಗದೇ ಇರೋರನ್ನ ಎಷ್ಟಕ್ಕೆ ಕೊಳ್ತೀರಿ ಅಂತ ಕೇಳಿದ್ರು. ಇಟ್ಕೊಂಡೋರು ಹೇಳಿದ ರೇಟು ಕೊಳ್ಳೋರು ಹೇಳಿದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ಅದೇ ಮಗ್ಗು, ಕೈಗೆ ಬಂದು ಸ್ವಲ್ಪ ಹೊತ್ತು ಆಗಿತ್ತು ಅಷ್ಟೇ. ಕಾನೆಮನ್‌ಗೆ 2002ರಲ್ಲಿ, ಥೇಲರ್‌ಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಹಂಗಾಗಿ ನನ್ನ ಮಾತು ನಂಬದಿದ್ರೂ ಅವರದ್ದು ನಂಬಿ. ಕೈಯಲ್ಲಿ ಸಾಮಾನು ಹಿಡ್ಕೊಂಡು "ಇದು ಬೇಕಾ" ಅಂತ ಕೇಳ್ಕೊಂಡ್ರೆ ಮನಸ್ಸು ಬೇಕು ಅಂತಾನೇ ಅನ್ನತ್ತೆ. ಪ್ರಶ್ನೆ ಬದಲಾಯ್ಸಿ. ಇದು ನಂದಲ್ಲ, ಈಗ ಅಂಗಡೀಲಿ ಇದೆ, ದುಡ್ಡು ಕೊಟ್ಟು ತರ್ತೀನಾ? ಇಲ್ಲ ಅಂದ್ರೆ ಕಳ್ಸಿ.

ಹೆಂಗೆ ಶುರು ಮಾಡೋದು. ಒಂದು ಡ್ರಾಯರ್. ಇಡೀ ಮನೆ ಬೇಡ, ಭಾನುವಾರ ಪೂರ್ತಿ ಇಟ್ಕೊಂಡು ಮಾಡ್ತೀನಿ ಅನ್ನೋರು ಮಧ್ಯಾಹ್ನ ಹಳೇ ಫೋಟೋ ಆಲ್ಬಮ್ ತೆಗೆದು ಕೂತಿರ್ತಾರೆ, ಎಷ್ಟು ಜನಾನ ನೋಡಿಲ್ಲ ನಾನು, ಫೋಟೋ ಕಾಗದ ಪತ್ರ ಎಲ್ಲಾ ಕಟ್ಟಕಡೆಗೆ. ಒಂದು ಡ್ರಾಯರ್, ಇಪ್ಪತ್ತು ನಿಮಿಷ. ಹಳೇ ಬೆಡ್‌ಶೀಟ್ ಹಾಸಿ ಪೂರ್ತಿ ಮಗುಚಿ ಹಾಕಿ, ಡ್ರಾಯರ್ ಒಳಗೆ ಇದ್ದಂಗೇ ಕೆದಕಬೇಡಿ. ಮೂರು ಗುಡ್ಡೆ. ಇರೋದು, ಹೋಗೋದು, ಬೇರೆಯವರದ್ದು. ಮೂರನೇದು ಯಾವಾಗ್ಲೂ ನೀವಂದುಕೊಂಡಿದ್ದಕ್ಕಿಂತ ದೊಡ್ಡದಿರತ್ತೆ, ವಾಪಸ್ ಕೊಡಿ ಅವರಿಗೆ. ನಾಲ್ಕನೇ ಗುಡ್ಡೆ, ಅದೇ "ನೋಡೋಣ" ಅಂತ, ಅದು ಇಲ್ಲ. ಇರ್ಲಿ ಬಿಡಿ, ಯಾವತ್ತಾದ್ರೂ ಬೇಕಾಗತ್ತೆ ಅನ್ನೋ ಮಾತು ಬಾಯಿಗೆ ಬಂದ ಕೂಡ್ಲೇ ಅದು ಹೋಗೋ ಗುಡ್ಡೆಗೆ. ಮತ್ತೆ ಹೋಗೋದು ಅಂದ್ರೆ ಅವತ್ತೇ ಹೋಗ್ಬೇಕು, ಬಾಗಿಲ ಪಕ್ಕ ಚೀಲ ಇಟ್ರೆ ನಾಳೆ ಅದರಿಂದ ಒಂದೊಂದೇ ವಾಪಸ್ ಬರ್ತವೆ, ಕಾರಿನ ಡಿಕ್ಕೀಲಿ ಇಟ್ರೆ ಅಲ್ಲೇ ಆರು ತಿಂಗ್ಳು ಸವಾರಿ ಮಾಡ್ತವೆ.

ಕೊಡೋದಾದ್ರೆ ಒಗೆದು, ಗುಂಡಿ ಹಾಕಿ ಕೊಡಿ. ಹರಿದಿದ್ದನ್ನ ಕೊಟ್ಟು ದಾನ ಮಾಡ್ದೆ ಅನ್ಬೇಡಿ, ನಿಮ್ಮ ಕಸಾನ ಇನ್ನೊಬ್ರ ಮನೆ ಬಾಗ್ಲಿಗೆ ಹಾಕಿದ್ದು ಅದು.

ಹಳೇ ಫೋನು, ಚಾರ್ಜರು, ಸೆಲ್ಲು ಇವನ್ನ ಮಾಮೂಲಿ ಕಸಕ್ಕೆ ಹಾಕ್ಬೇಡಿ, ಇ-ವೇಸ್ಟ್ ತಗೊಳ್ಳೋ ಕಡೆ ಕೊಡಿ. ಫೋನಿನ ಲಿಥಿಯಂ ಬ್ಯಾಟರಿ ಕಸದ ಲಾರೀಲಿ ಜಜ್ಜಿ ಹೋದ್ರೆ ಬೆಂಕಿ ಹತ್ಕೊಳ್ಳತ್ತೆ. ಉಬ್ಬಿದ್ರೆ ಒತ್ತೋದು ಚುಚ್ಚೋದು ಮಾಡ್ಬೇಡಿ, ಡ್ರಾಯರಲ್ಲಂತೂ ಇಡ್ಲೇಬೇಡಿ. 2022ರಲ್ಲಿ ಪ್ರಪಂಚದಲ್ಲಿ 6.2 ಕೋಟಿ ಟನ್ ಇ-ವೇಸ್ಟ್ ಆಯ್ತು, ಸರಿಯಾಗಿ ರೀಸೈಕಲ್ ಆಗಿದ್ದಕ್ಕೆ ಲೆಕ್ಕ ಇರೋದು ಅದರಲ್ಲಿ ಕಾಲು ಭಾಗಕ್ಕೂ ಕಮ್ಮಿ. ಮಿಕ್ಕಿದ್ದರಲ್ಲಿ ಒಂದಷ್ಟು ನಿಮ್ಮ ನಮ್ಮ ಡ್ರಾಯರಲ್ಲೇ ಇದೆ ಬಿಡಿ.

ಗಿಫ್ಟ್ ಕೊಟ್ಟೋರು ಬೇಜಾರ್ ಮಾಡ್ಕೊಳ್ತಾರೆ ಅಂತ ಕೇಳ್ತೀರಿ. ಅವರಿಗೆ ನೆನಪೇ ಇರಲ್ಲ. ಗಂಡನ ಸಾಮಾನು ನಾನು ಎಸೀಬಹುದಾ ಅಂತಾನೂ ಕೇಳ್ತೀರಿ, ಬೇಡ, ನಿಮ್ಮದು ಮಾತ್ರ ಮುಟ್ಟಿ, ಅವರದ್ದು ಅವರ ಎದುರಿಗೆ. ಇನ್ನು ಒಂದು ಹಳೇ ಪೇಪರ್ ಬಿಡೋಕೂ ಕೈ ನಡುಗತ್ತೆ, ಮನೇಲಿ ಓಡಾಡೋಕೂ ಜಾಗ ಇಲ್ಲ ಅನ್ನೋ ಥರ ಇದ್ರೆ ನನ್ನ ಈ ಮಾತೆಲ್ಲಾ ಸಾಲಲ್ಲ, 2013ರಿಂದ ಅಮೆರಿಕದ ಮನೋವೈದ್ಯರ ಕೈಪಿಡೀಲಿ ಅದಕ್ಕೆ ಬೇರೆಯಾಗೇ ಒಂದು ಕಾಯಿಲೆ ಅಂತ ಹೆಸರಿದೆ, ಡಾಕ್ಟರ್ ಹತ್ರ ಹೋಗಿ, ನಾಚಿಕೆ ಏನಿಲ್ಲ.

ಮಾತ್ರೆ ಔಷಧಿ ಬಗ್ಗೆ ಹೇಳೋಕೆ ಟೈಮಿಲ್ಲ, ಎಕ್ಸ್‌ಪೈರಿ ಆಗಿದ್ದನ್ನ ಮೆಡಿಕಲ್ ಶಾಪಲ್ಲಿ ವಾಪಸ್ ತಗೋತೀರಾ ಅಂತ ಕೇಳಿ, ಟಾಯ್ಲೆಟ್ಟಿಗೆ ಸುರೀಬೇಡಿ. ಮಕ್ಕಳ ಆಟಿಕೆ ವಿಷ್ಯ ಇನ್ನೊಂದ್ಸಲ ಕರೆದ್ರೆ ಹೇಳ್ತೀನಿ. ಡಬ್ಬಿ ತರಬೇಡಿ. ಸಾಮಾನು ಹೋದ್ಮೇಲೆ ನೋಡಿ, ಮನೇಲಿರೋ ಡಬ್ಬಿನೇ ಜಾಸ್ತಿ ಆಗಿರತ್ತೆ.

ಹಾಂ, ಆ ಮನೇದು. ನಾಲ್ಕು ದಿನ ಹಿಡೀತು, ಮೂವತ್ನಾಲ್ಕರಲ್ಲಿ ಇಪ್ಪತ್ತೊಂಬತ್ತು ಹೋದ್ವು, ಮೊಮ್ಮಗನ ಮಂಚ ಈಗ ಆ ರೂಮಲ್ಲಿದೆ. ಶೂನೂ ಅವರೇ ಕೈಯಾರೆ ತಗೊಂಡು ಹೋಗಿ ಎಸೆದು ಬಂದ್ರು. ಹೋದ ತಿಂಗ್ಳು ನಾನು ಹೋಗಿದ್ದಾಗ ನೋಡ್ತೀನಿ, ಬೀರು ಮೇಲೆ ಶೂವಿನ ಖಾಲಿ ಡಬ್ಬಿ ಕೂತಿದೆ. ಇದ್ಯಾಕೆ ಸರ್ ಅಂದೆ. ಗಟ್ಟಿ ಇದೆಯಮ್ಮ, ಇರ್ಲಿ ಬಿಡು, ಅಂದ್ರು.

ನಮಸ್ಕಾರ.