ಮುಚ್ಚಿದ ಲ್ಯಾಪ್‌ಟಾಪನ್ನು ಹೊರಗಿನ ಕೀಬೋರ್ಡಿನಿಂದ ಆನ್ ಮಾಡಬಹುದೇ?

(ಶಿರಸಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಇದ್ದರೆ ಚೀಟಿಯಲ್ಲಿ ಬರೆದು ಕೊಡಿ ಅಂದಿದ್ದೆವು. ಬಂದ ಚೀಟಿಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ಪ್ರಶ್ನೆ. ಲ್ಯಾಪ್‌ಟಾಪ್ ಮುಚ್ಚಿಟ್ಟು, ದೊಡ್ಡ ಮಾನಿಟರ್ ಮತ್ತು ಬೇರೆ ಕೀಬೋರ್ಡ್ ಹಾಕಿಕೊಂಡು ಕೆಲಸ ಮಾಡುತ್ತೇವೆ. ಆದರೆ ಪವರ್ ಬಟನ್ ಒಳಗಿದೆ. ದಿನಾ ಬೆಳಿಗ್ಗೆ ಅದೊಂದನ್ನು ಒತ್ತಲು ಮುಚ್ಚಳ ತೆಗೆಯಬೇಕು. ಹೊರಗಿನ ಕೀಬೋರ್ಡಿನಿಂದಲೇ ಆನ್ ಮಾಡಲು ಬರುವುದಿಲ್ಲವೇ?

ಇದನ್ನು ಸೋಮಾರಿಗಳ ಪ್ರಶ್ನೆ ಅಂತ ತಳ್ಳಿಹಾಕಬೇಡಿ. ಊರಿಗೆ ಮರಳಿ, ಮನೆಯ ಜಗಲಿಯಲ್ಲೇ ಕೂತು ಬೆಂಗಳೂರಿನ ಕೆಲಸ ಮಾಡುವವರು ನಮ್ಮ ಕಡೆ ಈಗ ಸಾಕಷ್ಟು ಜನ ಇದ್ದಾರೆ. ಡಿಸ್‌ಪ್ಲೇ ಒಡೆದ ಹಳೇ ಲ್ಯಾಪ್‌ಟಾಪಿಗೆ ಮಾನಿಟರ್ ಹಾಕಿ ಅಡಿಕೆ ಲೆಕ್ಕ ಬರೆಯುವವರೂ ಇದ್ದಾರೆ. ಹಿಂಜ್ ಸಡಿಲಾಗಿದ್ದರಂತೂ ತೆಗೆದು ಮುಚ್ಚಿದಷ್ಟೂ ಕೆಡುತ್ತದೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪ್ ಸ್ಲೀಪ್‌ನಲ್ಲಿದ್ದರೆ ಸಾಮಾನ್ಯವಾಗಿ ಆಗುತ್ತದೆ. ಪೂರ್ತಿ ಶಟ್‌ಡೌನ್ ಆಗಿದ್ದರೆ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಆಗುವುದಿಲ್ಲ. ಕೀಬೋರ್ಡ್ ಎಷ್ಟೇ ದುಬಾರಿಯದಾದರೂ ಅಷ್ಟೇ.

ಯಾಕೆ? ಪವರ್ ಬಟನ್ನಿನ ತಂತಿ ಒಳಗೆ ಎಂಬೆಡೆಡ್ ಕಂಟ್ರೋಲರ್ ಅನ್ನುವ ಪುಟ್ಟ ಚಿಪ್ಪಿಗೆ ಹೋಗುತ್ತದೆ. ಲ್ಯಾಪ್‌ಟಾಪ್ ಆಫ್ ಆಗಿದ್ದರೂ ಈ ಚಿಪ್ ಒಂದಿಷ್ಟೇ ಇಷ್ಟು ಕರೆಂಟ್ ತೆಗೆದುಕೊಂಡು ಎಚ್ಚರ ಇರುತ್ತದೆ. ಬಟನ್ ಒತ್ತಿದರಾ, ಚಾರ್ಜರ್ ಹಾಕಿದರಾ, ಮುಚ್ಚಳ ತೆಗೆದರಾ ಅಂತ ನೋಡಿಕೊಳ್ಳುವುದು ಅದರ ಕೆಲಸ. ಹೊರಗಿನ ಕೀಬೋರ್ಡಿಗೆ ಆ ಚಿಪ್ಪಿನ ಜೊತೆ ನೇರ ಮಾತುಕತೆ ಇಲ್ಲ. ಅದು ಬರುವುದು ಯುಎಸ್‌ಬಿ ದಾರಿಯಲ್ಲಿ. ಯುಎಸ್‌ಬಿಯಲ್ಲಿ ಕೀಬೋರ್ಡ್ ತಾನಾಗಿ ಮಾತಾಡುವುದಿಲ್ಲ. ಕಂಪ್ಯೂಟರಿನ ಕಡೆಯ ಕಂಟ್ರೋಲರ್ ಮತ್ತೆ ಮತ್ತೆ ಕೇಳುತ್ತಿರಬೇಕು, 'ಏನಾದರೂ ಒತ್ತಿದ್ದಾರಾ?' ಅಂತ. ಕೇಳಿದಾಗ ಮಾತ್ರ ಕೀಬೋರ್ಡ್ ಉತ್ತರ ಕೊಡುತ್ತದೆ. ಶಟ್‌ಡೌನ್ ಆದಮೇಲೆ ಆ ಕಂಟ್ರೋಲರಿಗೇ ಕರೆಂಟ್ ಇಲ್ಲ. ಇನ್ನು ಕೇಳುವವರು ಯಾರು?

ಸ್ಲೀಪ್ ಅಂದರೆ ಮನೆಯವರೆಲ್ಲ ಮಲಗಿದ್ದಾರೆ, ಜಗಲಿಯಲ್ಲಿ ಅಜ್ಜನಿಗೆ ಮಾತ್ರ ಅರೆನಿದ್ದೆ. ಅಂಗಳದಿಂದ ಕೂಗಿದರೆ ಏಳುತ್ತಾನೆ. ಶಟ್‌ಡೌನ್ ಅಂದರೆ ಮನೆಗೆ ಬೀಗ ಹಾಕಿ ಎಲ್ಲರೂ ಮದುವೆಗೆ ಹೋಗಿದ್ದಾರೆ.

ಇಲ್ಲೊಬ್ಬರು ತಲೆ ಅಲ್ಲಾಡಿಸುತ್ತಿದ್ದಾರೆ. 'ನನ್ನ ಕೀಬೋರ್ಡಿನ ಲೈಟ್ ಲ್ಯಾಪ್‌ಟಾಪ್ ಆಫ್ ಆದರೂ ಉರಿಯುತ್ತದಲ್ಲ' ಅಂತ, ಅಲ್ವಾ? ಮೊಬೈಲ್ ಚಾರ್ಜ್ ಮಾಡಲಿ ಅಂತ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಒಂದು ಪೋರ್ಟಿಗೆ ಯಾವಾಗಲೂ ಕರೆಂಟ್ ಇರುತ್ತದೆ. ಅದು ಬರೀ ಕರೆಂಟ್. ಲೈಟ್ ಉರಿದ ಮಾತ್ರಕ್ಕೆ ಒಳಗೆ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅಂತ ಅರ್ಥ ಅಲ್ಲ.

ಹಿರಿಯರಿಗೆ ಇನ್ನೊಂದು ಅನುಮಾನ ಬರಬಹುದು. ಹಿಂದೆ ಕೀಬೋರ್ಡಿನಿಂದ ಆನ್ ಆಗುತ್ತಿದ್ದ ಕಂಪ್ಯೂಟರ್ ನೋಡಿದ್ದೇವಲ್ಲ? ನಿಜವೇ. 1987ರ ಮ್ಯಾಕಿಂಟಾಶ್ 2ರ ಕೀಬೋರ್ಡಿನಲ್ಲಿ ಪವರ್ ಕೀಲಿಯೇ ಇತ್ತು. ಗುಂಡು ಪಿನ್ನಿನ ಪಿಎಸ್/2 ಕೀಬೋರ್ಡ್ ಇದ್ದ ಎಷ್ಟೋ ಡೆಸ್ಕ್‌ಟಾಪ್‌ಗಳ ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಮೂಲ ಸೆಟ್ಟಿಂಗ್ ಅದು) 'ಪವರ್ ಆನ್ ಬೈ ಕೀಬೋರ್ಡ್' ಅನ್ನುವ ಆಯ್ಕೆ ಇತ್ತು, ಈಗಲೂ ಕೆಲವದರಲ್ಲಿದೆ. ಡೆಸ್ಕ್‌ಟಾಪ್ ಆಫ್ ಆಗಿದ್ದರೂ ಗೋಡೆಯ ಸ್ವಿಚ್ ಆನ್ ಇದ್ದರೆ 5 ವೋಲ್ಟಿನ ಸಣ್ಣ ಲೈನೊಂದು ಜೀವಂತ ಇರುತ್ತದೆ. ಲ್ಯಾಪ್‌ಟಾಪ್ ಅದೇ ಕೆಲಸ ಮಾಡಿದರೆ ಬ್ಯಾಟರಿ ಸುಮ್ನೆ ಕರಗುತ್ತದೆ. ತಯಾರಿಸುವವರು ಬೇಡ ಅಂದುಕೊಂಡದ್ದರಲ್ಲಿ ತಪ್ಪಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟೇ: ದಿನಾ ಶಟ್‌ಡೌನ್ ಮಾಡಬೇಡಿ, ಸ್ಲೀಪ್‌ಗೆ ಹಾಕಿ. ಸ್ಲೀಪ್‌ನಲ್ಲಿ ಯುಎಸ್‌ಬಿ ಕೀಬೋರ್ಡಿಗೆ 2.5 ಮಿಲಿಆಂಪಿಯರ್ ಒಳಗಿನ ಕರೆಂಟ್ ಸಿಗುತ್ತದೆ. ಅಷ್ಟರಲ್ಲೇ ಅದು, ಆಗ ಮಾತ್ರ ಯಾರೂ ಕೇಳದಿದ್ದರೂ, 'ಏಳು' ಅನ್ನುವ ಸಂಕೇತ ಕಳಿಸಬಲ್ಲದು.

ವಿಂಡೋಸ್‌ನಲ್ಲಿ ಇದಕ್ಕೆ ಒಪ್ಪಿಗೆ ಕೊಡಬೇಕು. ಡಿವೈಸ್ ಮ್ಯಾನೇಜರ್ ತೆರೆಯಿರಿ, ಕೀಬೋರ್ಡ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅಲ್ಲಿ ಪವರ್ ಮ್ಯಾನೇಜ್‌ಮೆಂಟ್ ಅನ್ನುವ ಟ್ಯಾಬ್. ಈ ಸಾಧನ ಕಂಪ್ಯೂಟರನ್ನು ಎಬ್ಬಿಸಬಹುದು ಅನ್ನುವ ಚೌಕಕ್ಕೆ ಟಿಕ್ ಹಾಕಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಆ ಟ್ಯಾಬೇ ಕಾಣದೆ ಇರಬಹುದು. ಅವುಗಳಲ್ಲಿರುವುದು ಮಾಡರ್ನ್ ಸ್ಟ್ಯಾಂಡ್‌ಬೈ ಅನ್ನುವ ಬೇರೆ ಥರದ ನಿದ್ದೆ. ನಿಮ್ಮದು ಯಾವುದು ಅಂತ ನೋಡಲು ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಪವರ್‌ಸಿಎಫ್‌ಜಿ, ಸ್ಪೇಸ್, ಸ್ಲ್ಯಾಶ್, ಎ' ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಲಭ್ಯ ಇವೆ ಅನ್ನುವ ಮೇಲಿನ ಪಟ್ಟಿಯಲ್ಲಿ ಎಸ್3 ಕಂಡರೆ ಹಳೇ ನಿದ್ದೆ, ಎಸ್0 ಲೋ ಪವರ್ ಐಡಲ್ ಕಂಡರೆ ಹೊಸದು. ಡೆಲ್ ಲ್ಯಾಪ್‌ಟಾಪ್ ಇದ್ದವರು ಬಯಾಸ್‌ನಲ್ಲಿ 'ಯುಎಸ್‌ಬಿ ವೇಕ್ ಸಪೋರ್ಟ್' ಇದೆಯಾ ಅಂತಲೂ ನೋಡಿ.

ಇದರ ಜೊತೆಗೇ ಮಾಡಬೇಕಾದ ಇನ್ನೊಂದು ಕೆಲಸ ಇದೆ. ಮುಚ್ಚಳದಲ್ಲಿ ಒಂದು ಅಯಸ್ಕಾಂತ, ಕೆಳಗೆ ಅದನ್ನು ಗುರುತಿಸುವ ಒಂದು ಸೆನ್ಸರ್ ಸಾಮಾನ್ಯವಾಗಿ ಇರುತ್ತದೆ. ಅವೆರಡೂ ಹತ್ತಿರ ಬಂದರೆ ಮುಚ್ಚಿತು ಅಂತ ಲೆಕ್ಕ. (ಅಯಸ್ಕಾಂತ ಇರುವ ಮೊಬೈಲ್ ಕವರನ್ನು ಕೀಬೋರ್ಡಿನ ಪಕ್ಕ ಇಟ್ಟಾಗ ಲ್ಯಾಪ್‌ಟಾಪ್ ಇದ್ದಕ್ಕಿದ್ದಂತೆ ಮಲಗಿದರೆ ಕಾರಣ ಇದೇ. ರಿಪೇರಿಗೆ ಓಡಬೇಡಿ.) ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಅಲ್ಲಿ ಮುಚ್ಚಳ ಹಾಕಿದರೆ ಏನು ಮಾಡಬೇಕು ಅಂತ ಕೇಳುವ ಜಾಗ ಇದೆ. ಚಾರ್ಜರ್ ಹಾಕಿರುವಾಗ 'ಡೂ ನಥಿಂಗ್' ಇಡಿ. ಬ್ಯಾಟರಿಗೆ ಮಾತ್ರ 'ಸ್ಲೀಪ್' ಇರಲಿ. ಇಲ್ಲವಾದರೆ ಎಚ್ಚರ ಇರುವ ಲ್ಯಾಪ್‌ಟಾಪನ್ನು ಬ್ಯಾಗಿಗೆ ತುಂಬಿ ಕುಮಟಾ ಬಸ್ಸು ಹತ್ತುತ್ತೀರಿ, ಘಟ್ಟ ಇಳಿಯುವಷ್ಟರಲ್ಲಿ ಅದು ಬಿಸಿಯಾಗಿರುತ್ತದೆ.

ಶಟ್‌ಡೌನೇ ಮಾಡುತ್ತೇನೆ ಅನ್ನುವವರು ಕೀಬೋರ್ಡನ್ನು ಮರೆತು, ಆ ಪುಟ್ಟ ಚಿಪ್ಪನ್ನು ಮುಟ್ಟುವ ಬೇರೆ ದಾರಿ ನೋಡಬೇಕು. ಅದಕ್ಕೆ ಚಾರ್ಜರ್ ಬಂದದ್ದು ಗೊತ್ತಾಗುತ್ತದೆ ಅಂದೆನಲ್ಲ? ಡೆಲ್ ಬಯಾಸ್‌ನಲ್ಲಿ 'ವೇಕ್ ಆನ್ ಎಸಿ', ಥಿಂಕ್‌ಪ್ಯಾಡ್‌ನಲ್ಲಿ 'ಪವರ್ ಆನ್ ವಿತ್ ಎಸಿ ಅಟ್ಯಾಚ್' ಅಂತ ಇರುತ್ತದೆ. ಅದನ್ನು ಆನ್ ಮಾಡಿಟ್ಟರೆ ಚಾರ್ಜರಿನ ಸ್ವಿಚ್ ಹಾಕಿದ ಕೂಡಲೇ ಲ್ಯಾಪ್‌ಟಾಪ್ ಏಳುತ್ತದೆ. 2016ರ ನಂತರದ ಮ್ಯಾಕ್‌ಬುಕ್‌ಗಳಲ್ಲಿ ಹೆಚ್ಚಿನವು ಹೇಗೂ ಚಾರ್ಜರ್ ಹಾಕಿದರೆ ಆನ್ ಆಗುತ್ತವೆ.

ಕೇಳಲು ಚೆಂದ. ಆದರೆ ನಮ್ಮ ಜಿಲ್ಲೆಗೆ ಇದು ಹೇಳಿ ಮಾಡಿಸಿದ್ದಲ್ಲ. ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ, ಕಾಳಿ ನದಿಗೆ ಸೂಪಾ ಅಣೆಕಟ್ಟಿದೆ. ಆದರೂ ಜುಲೈ ಮಳೆಗೆ ಮರ ಬಿದ್ದು ಲೈನ್ ಹರಿದರೆ ಊರು ಕತ್ತಲೆ. ಕರೆಂಟ್ ಹೋಗಿ ಬಂದಾಗಲೆಲ್ಲ ಆ ಚಿಪ್ ಅದನ್ನು ಚಾರ್ಜರ್ ಹಾಕಿದ್ದು ಅಂತಲೇ ತಿಳಿಯುತ್ತದೆ. ರಾತ್ರಿ ಮೂರು ಗಂಟೆಗೆ ಕರೆಂಟ್ ಬಂದರೆ ನಿಮ್ಮ ಲ್ಯಾಪ್‌ಟಾಪೂ ಎದ್ದು ಕೂರುತ್ತದೆ. ಮಳೆಗಾಲದಲ್ಲಿ ಇದನ್ನು ಆಫ್ ಮಾಡಿಡಿ, ಅಥವಾ ರಾತ್ರಿ ಚಾರ್ಜರ್ ಕಿತ್ತಿಡಿ. ಹೊತ್ತು ಗೊತ್ತು ಇರುವ ಕೆಲಸವಾದರೆ ಡೆಲ್‌ನ 'ಆಟೋ ಆನ್ ಟೈಮ್' ನನಗೆ ಇದಕ್ಕಿಂತ ಇಷ್ಟ. ಬೆಳಿಗ್ಗೆ ಒಂಬತ್ತಕ್ಕೆ ಅಂತ ಇಟ್ಟರೆ ಒಂಬತ್ತಕ್ಕೇ ಏಳುತ್ತದೆ.

ಖರ್ಚು ಮಾಡಲು ತಯಾರಿದ್ದರೆ ಡಾಕ್ ತೆಗೆದುಕೊಳ್ಳಿ, ಅಂದರೆ ಮಾನಿಟರ್, ಕೀಬೋರ್ಡ್ ಎಲ್ಲವನ್ನೂ ಒಂದೇ ತಂತಿಯಲ್ಲಿ ಲ್ಯಾಪ್‌ಟಾಪಿಗೆ ಸೇರಿಸುವ ಪೆಟ್ಟಿಗೆ. ಡೆಲ್‌ನ ಡಬ್ಲ್ಯೂಡಿ19ರ ಥರದ ಡಾಕ್‌ಗಳ ಮೇಲೆ ಪವರ್ ಬಟನ್ ಇರುತ್ತದೆ. ಅದನ್ನು ಒತ್ತಿದರೆ ಮುಚ್ಚಿದ ಲ್ಯಾಪ್‌ಟಾಪ್ ಆನ್ ಆಗುತ್ತದೆ. ಆದರೆ ಡಾಕ್ ಮತ್ತು ಲ್ಯಾಪ್‌ಟಾಪ್ ಒಂದೇ ಕಂಪನಿಯದಾಗಿರಬೇಕು. ಬೇರೆ ಕಂಪನಿಯದಕ್ಕೆ ಸಿಕ್ಕಿಸಿದರೆ ಮಾನಿಟರ್, ಕೀಬೋರ್ಡ್ ಎಲ್ಲ ನಡೆಯುತ್ತದೆ, ಆ ಬಟನ್ ಮಾತ್ರ ಸಾಮಾನ್ಯವಾಗಿ ನಡೆಯುವುದಿಲ್ಲ. ಕೊಳ್ಳುವ ಮುಂಚೆ ಕೇಳಿ.

ಬ್ಲೂಟೂತ್ ಕೀಬೋರ್ಡ್ ಇದ್ದವರೂ ಇದ್ದೀರಿ. ಶಟ್‌ಡೌನ್ ಆದಮೇಲೆ ಅದರಿಂದ ಏನೂ ಆಗುವುದಿಲ್ಲ, ಸ್ಲೀಪ್‌ನಲ್ಲೂ ನಂಬುವ ಹಾಗಿಲ್ಲ. ತಂತಿಯದು ಅಥವಾ ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸುವ ಪುಟ್ಟ ಡಾಂಗಲ್ ಇರುವ ವೈರ್‌ಲೆಸ್ ಒಳ್ಳೆಯದು. ಡಾಂಗಲ್ ಅಂದರೆ ಲ್ಯಾಪ್‌ಟಾಪಿನ ಲೆಕ್ಕದಲ್ಲಿ ಅದೂ ಯುಎಸ್‌ಬಿ ಕೀಬೋರ್ಡೇ.

ಈಗ ಲ್ಯಾಪ್‌ಟಾಪ್ ತಂದವರು ಮುಂದೆ ಬನ್ನಿ. ಇಲ್ಲಿ ಎರಡು ಯುಎಸ್‌ಬಿ ಕೀಬೋರ್ಡ್ ಇಟ್ಟಿದ್ದೇನೆ. ಮೊದಲು ಟಿಕ್ ಹಾಕಿ, ಆಮೇಲೆ ಸ್ಲೀಪ್ ಮಾಡಿ, ಮುಚ್ಚಳ ಹಾಕಿ, ಸ್ಪೇಸ್‌ಬಾರ್ ಒತ್ತಿ. ಒಂದು ಪೋರ್ಟ್‌ನಲ್ಲಿ ಏಳದಿದ್ದರೆ ಇನ್ನೊಂದಕ್ಕೆ ಹಾಕಿ ನೋಡಿ. ಬಯಾಸ್ ಮುಟ್ಟುವವರು ಮಾತ್ರ ನನ್ನನ್ನು ಕರೆದು ಮುಟ್ಟಿ.