ಹದಿನೆಂಟು ತುಂಬೋವರ್ಗೂ ಕಾದ ಸಿನಿಮಾ

ಎಲ್ಲರಿಗೂ ನಮಸ್ಕಾರ. ಹಿಂದ್ಗಡೆ ಕೂತಿರೋರಿಗೆ ಕೇಳಿಸ್ತಿದ್ಯಾ? ಸರಿ. ಸೆನ್ಸಾರ್ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ, ನಾನು ಲಾಯರೂ ಅಲ್ಲ ಡೈರೆಕ್ಟರೂ ಅಲ್ಲ, ಮಂಡ್ಯದಲ್ಲಿ ಸಿನಿಮಾ ನೋಡ್ಕೊಂಡು ಬೆಳೆದೋನು ಅಷ್ಟೆ. ಹಂಗಾಗಿ ಒಂದೇ ಒಂದು ಸಿನಿಮಾಗೆ ಕಾದ ಕಥೆ ಹೇಳ್ತೀನಿ.

1994ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಶೇಖರ್ ಕಪೂರ್ ಅವರ 'ಬ್ಯಾಂಡಿಟ್ ಕ್ವೀನ್' ತೋರಿಸಿದ್ರು. ನಂಗಾಗ ಹದಿನಾರು. ಪೇಪರಲ್ಲಿ ಓದಿದ್ದು, ಡಕಾಯಿತಿ ಆಗಿದ್ದ ಫೂಲನ್ ದೇವಿ ಕಥೆಯಂತೆ, ಹಂಗಂತೆ ಹಿಂಗಂತೆ... ಆ 'ಹಂಗಂತೆ'ಗೇ ನಾವು ಕಾದಿದ್ದು, ಸುಳ್ಳ್ಯಾಕೆ ಹೇಳ್ಲಿ. ನಮ್ಮೂರ ಟಾಕೀಸ್ ಗೇಟಲ್ಲಿ ಒಬ್ಬ ಅಣ್ಣ ನಿಂತಿರೋನು, ಪೋಸ್ಟರ್ ಮೇಲೆ ದಪ್ಪಕ್ಕೆ 'ಎ', ಅಂದ್ರೆ ಹದಿನೆಂಟು ತುಂಬಿದೋರಿಗೆ ಮಾತ್ರ ಅಂತ ಇದ್ರೆ ಟಿಕೆಟ್ ನೋಡ್ತಿರ್ಲಿಲ್ಲ, ಮೂತಿ ನೋಡೋನು. "ಮೀಸೆ ಬರ್ಲಿ, ಆಮೇಲ್ ಬಾರ್ಲಾ." ಅವ್ನೇ ನಮ್ ಪಾಲಿನ ಸೆನ್ಸಾರು.

ಆದ್ರೆ ಸಿನಿಮಾನೇ ಬರ್ಲಿಲ್ವಲ್ಲ. ಸೆನ್ಸಾರ್ ಮಂಡಳಿ ನೋಡ್ತು, ಮತ್ತೆ ಅದ್ರದ್ದೇ ರಿವೈಸಿಂಗ್ ಕಮಿಟಿ, ಅಂದ್ರೆ ಮರುಪರಿಶೀಲನೆ ಸಮಿತಿ ನೋಡ್ತು, ಆ ಕಟ್ ಮಾಡಿ ಈ ಕಟ್ ಮಾಡಿ ಅಂದ್ರು, ಸಿನಿಮಾದೋರು ಒಪ್ಪದೆ ಮೇಲ್ಮನವಿ ಟ್ರಿಬ್ಯೂನಲ್‌ಗೆ ಹೋದ್ರು. ಅಲ್ಲಿ ಇದ್ದಿದ್ದು ಒಬ್ರು ನಿವೃತ್ತ ನ್ಯಾಯಮೂರ್ತಿ, ಜತೆಗೆ ಮೂವರು ಹೆಂಗಸ್ರು. ಅವ್ರು 1995ರಲ್ಲಿ 'ಎ' ಕೊಟ್ಟು ಪಾಸ್ ಮಾಡಿದ್ರು. ಕೊನೆಗೆ 1996 ಜನವರಿಲಿ ರಿಲೀಸ್. ಅದೇ ತಿಂಗಳು ನಂಗೆ 18 ತುಂಬ್ತು! ಸೆನ್ಸಾರ್ನೋರು ನಂಗೋಸ್ಕರಾನೇ ತಡ ಮಾಡಿದ್ರೇನೋ ಅನ್ನಿಸ್ಬಿಡ್ತು.

ಅಷ್ಟ್ ಕಾದೋನು ಮೊದಲನೇ ದಿನಾನೇ ಓಡ್ಬೇಕಿತ್ತು ತಾನೆ? ಇಲ್ಲ, ಪಿಯುಸಿ ಪರೀಕ್ಷೆ. ಮುಗೀಲಿ ಆಮೇಲೆ ನೋಡೋಣ ಅಂತ ಬುದ್ಧಿವಂತನ ಥರ ಕೂತೆ. ಮಾರ್ಚಲ್ಲಿ ದಿಲ್ಲಿ ಹೈಕೋರ್ಟು ಸರ್ಟಿಫಿಕೇಟನ್ನೇ ರದ್ದು ಮಾಡ್ತು, ಸಿನಿಮಾ ಎತ್ತಂಗಡಿ. ನಮ್ಮಪ್ಪ "ಓದೋ ಟೈಮಲ್ಲಿ ಯಾಕಪ್ಪಾ ಮಂಕಾಗಿದ್ದೀಯ" ಅಂತ ಕೇಳಿದ್ರು, ಏನಂತ ಹೇಳ್ಲಿ?

ಮೇ 1ಕ್ಕೆ ಸುಪ್ರೀಂ ಕೋರ್ಟು ಆ ಆದೇಶ ತೆಗೆದುಹಾಕ್ತು. ಆಮೇಲೆ ಮೈಸೂರಿಗೆ ಬಸ್ ಹತ್ಕೊಂಡು ಬಂದು ಮ್ಯಾಟಿನಿ ನೋಡ್ದೆ. ಹಾಲ್ ತುಂಬ ನನ್ನಂಥೋರೇ. ಹಿಂದಿನ ಸಾಲಲ್ಲಿ ಒಬ್ಬ ಶುರುವಿಂದ್ಲೂ ವಿಷಲ್ ಹೊಡೀತಿದ್ದ. ಆ ಬಾವಿ ಸೀನ್ ಬಂತು ನೋಡಿ, ಬಟ್ಟೆ ಬಿಚ್ಸಿ ಊರೋರ ಮುಂದೆ ಅವಳ ಕೈಲಿ ನೀರು ಸೇದಿಸೋದು, ನಾವೆಲ್ಲ ಎರಡು ವರ್ಷ ಕಾದಿದ್ದು ಅದಕ್ಕೇ ತಾನೆ, ಆ ವಿಷಲ್ ಅರ್ಧಕ್ಕೇ ನಿಂತೋಯ್ತು. ನಿಜ ಹೇಳ್ತೀನಿ, ಫ್ಯಾನ್ ತಿರುಗೋ ಸದ್ದು ಕೇಳಿಸ್ತಿತ್ತು. ನಾನು ತಲೆ ಬಗ್ಗಿಸ್ಕೊಂಡು ನನ್ ಚಪ್ಲಿ ನೋಡ್ತಾ ಕೂತೆ. ಸುಪ್ರೀಂ ಕೋರ್ಟಿನ ಆ ತೀರ್ಪಲ್ಲೂ ಇದ್ದಿದ್ದು ಇದೇ ಮಾತು ಅಂತ ಎಷ್ಟೋ ವರ್ಷ ಆದ್ಮೇಲೆ ಓದ್ದೆ, ಆ ಬೆತ್ತಲೆ ನೋಡಿದೋನಿಗೆ ಆಸೆ ಹುಟ್ಟಲ್ಲ, ಅಸಹ್ಯ ಹುಟ್ಟುತ್ತೆ ಅಂತ.

ಕಾಯೋದು ನಮ್ ಕನ್ನಡದೋರಿಗೂ ಹೊಸದಲ್ಲ. 'ಸಂಸ್ಕಾರ'ವನ್ನ ಮದ್ರಾಸ್ ಸೆನ್ಸಾರ್ನೋರು ಬೇಡ ಅಂದಿದ್ರು, ಆಮೇಲೆ ಅದಕ್ಕೇ 1970ರ ಸ್ವರ್ಣಕಮಲ, ಅಂದ್ರೆ ದೇಶದ ಅತ್ಯುತ್ತಮ ಸಿನಿಮಾ ಪ್ರಶಸ್ತಿ ಬಂತು.

ನನ್ನ ತಕರಾರು ಇರೋದು ಈಗಿನ ವಿಷಯಕ್ಕೆ. ಆವತ್ತು ದಾರಿ ಬಿಡಿಸಿತ್ತಲ್ಲ ಆ ಟ್ರಿಬ್ಯೂನಲ್ಲು, 2021ರಲ್ಲಿ ಅದನ್ನ ಮುಚ್ಚಿಬಿಟ್ರು. ಈಗ ಮಂಡಳಿ ಮಾತು ಒಪ್ಪದಿದ್ರೆ ಸೀದಾ ಹೈಕೋರ್ಟ್. ಬಡ್ಡಿಗೆ ದುಡ್ಡು ತಂದು ಸಿನಿಮಾ ಮಾಡಿದ ನಮ್ ಕಡೆಯೋನು ವಕೀಲರಿಗೆ ಫೀಸ್ ಕಟ್ತಾನಾ, ಕತ್ತರಿಗೆ ತಲೆ ಕೊಡ್ತಾನಾ ನೀವೇ ಹೇಳಿ. ಅದ್ರ ಮೇಲೆ 'ಎ' ಸಿನಿಮಾನ ಹಂಗಂಗೇ ಟಿವಿಲಿ ಹಾಕಂಗಿಲ್ಲ, ಅಂದ್ರೆ ಟಿವಿ ರೈಟ್ಸ್ ದುಡ್ಡಿಗೂ ಕಲ್ಲು. ಸಿನಿಮಾ ಕಾಯ್ದೆಯ 2023ರ ತಿದ್ದುಪಡಿಲಿ 'ಯುಎ'ನ, ಅಂದ್ರೆ ಮಕ್ಕಳು ದೊಡ್ಡೋರ ಮಾರ್ಗದರ್ಶನದಲ್ಲಿ ನೋಡೋ ಸಿನಿಮಾದ ಸರ್ಟಿಫಿಕೇಟನ್ನ, ಏಳು, ಹದಿಮೂರು, ಹದಿನಾರು ಅಂತ ವಯಸ್ಸಿನ ಪ್ರಕಾರ ಒಡೆದಿದ್ದಾರೆ, ಒಳ್ಳೇದೇ, ಆದ್ರೆ ದೊಡ್ಡೋರ ಸಿನಿಮಾ ಮಾಡೋನ ಕಷ್ಟ ಅಲ್ಲೇ ಇದೆ.

ಪಿಕ್ಚರ್ ಶುರು ಆಗೋಕ್ ಮುಂಚೆ ಸರ್ಟಿಫಿಕೇಟ್ ತೋರಿಸ್ತಾರಲ್ಲ, ಆಗ ಮೊಬೈಲ್ ನೋಡ್ಬೇಡಿ. ಹಳೇ ಸಿನಿಮಾ ಆದ್ರೆ ಅದ್ರಲ್ಲಿ ಒಂದು ತ್ರಿಕೋನ ಇದ್ಯಾ ಹುಡುಕಿ. ಇದ್ರೆ ಕತ್ತರಿ ಬಿದ್ದಿದೆ ಅಂತ ಅರ್ಥ. ನಮ್ಮನೇಲಿ ಈಗ ನನ್ ಮಗಳು ನಂಗಿಂತ ಮುಂಚೆ ಕಂಡುಹಿಡೀತಾಳೆ, "ಅಪ್ಪಾ, ತ್ರಿಕೋನ!" ಅಂತ ಕೂಗ್ತಾಳೆ, ಅಕ್ಕಪಕ್ಕದೋರು ತಿರುಗಿ ನೋಡ್ತಾರೆ.