ಆಟಕ್ಕೆ ಹೋಗ್ತೇನೆ ಅಂತ ಹೇಳಿ ನೋಡಿದ ಸಿನಿಮಾ

ಕೇಳುಗರೆಲ್ಲರಿಗೂ ನಮಸ್ಕಾರ. ಬೀಡಿ ಕಟ್ಟುತ್ತಾ ರೇಡಿಯೋ ಹಚ್ಚಿಟ್ಟಿರುವ ಅಕ್ಕಂದಿರಿಗೆ, ಗೂಡಂಗಡಿಯ ಅಣ್ಣಂದಿರಿಗೆ, ಮಧ್ಯಾಹ್ನದ ಊಟ ಮುಗಿಸಿ ಜಗಲಿಯಲ್ಲಿ ಕೂತ ಹಿರಿಯರಿಗೆ, ಎಲ್ಲರಿಗೂ.

ಇವತ್ತು ನಾನು ಸಿನಿಮಾ ನಿರ್ದೇಶಕ, ನಟ ಕಾಶಿನಾಥ್ ಬಗ್ಗೆ ಮಾತಾಡುತ್ತೇನೆ. ಹೌದು, ಅದೇ ಡಬಲ್ ಮೀನಿಂಗ್ ಕಾಶಿನಾಥ್. ನೀವು ಈಗ ಸಣ್ಣಗೆ ನಕ್ಕಿರಿ. ನನಗೆ ಇಲ್ಲಿಂದ ಕಾಣುವುದಿಲ್ಲ, ಆದರೆ ಗೊತ್ತುಂಟು. ಆ ಹೆಸರು ಹೇಳಿದ ಕೂಡಲೇ ನಮ್ಮವರು ನಗುತ್ತಾರೆ, ಆಮೇಲೆ ಪಕ್ಕದಲ್ಲಿ ಯಾರಿದ್ದಾರೆ ಎಂದು ನೋಡುತ್ತಾರೆ. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನವರು ಕನ್ನಡ ಸಿನಿಮಾ ಬಗ್ಗೆ ಮಾತಾಡಲು ಕರೆದಿದ್ದರು. ಯಾರ ಬಗ್ಗೆ ಸಾರ್ ಅಂದರು. ಕಾಶಿನಾಥ್ ಅಂದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಬೇಡ ಸಾರ್, ಹುಡುಗಿಯರೂ ಇರ್ತಾರೆ" ಅಂದರು. ಹುಡುಗಿಯರು ಇರುವುದರಿಂದಲೇ ಅವರ ಬಗ್ಗೆ ಮಾತಾಡಬೇಕು ಮಾರಾಯ್ರೇ ಅಂದೆ. ಕಡೆಗೆ ಬೇರೆ ಯಾರನ್ನೋ ಕರೆದರು. ಇರಲಿ.

ನಾನು ಹೇಳುವುದು ಒಂದೇ ಮಾತು. ಕಾಶಿನಾಥ್ ಬೇರೆ ಥರದ ಸಿನಿಮಾ ಮಾಡಿದರು, ಆದರೆ ಟಿಕೆಟ್ ಮಾರಿ ಮಾಡಿದರು. ಇಷ್ಟೇ. ಉಳಿದದ್ದೆಲ್ಲ ಮರೆತರೂ ಅಡ್ಡಿಯಿಲ್ಲ, ಇದೊಂದು ನೆನಪಿಟ್ಟುಕೊಳ್ಳಿ.

ಅವರು ನಮ್ಮ ಕಡೆಯವರು. ಕುಂದಾಪುರದ ಹತ್ತಿರದ ಕೋಟೇಶ್ವರದಲ್ಲಿ 1951ರ ಮೇ 8ರಂದು ಹುಟ್ಟಿದವರು. ಹೊಸದಾಗಿ ಮದುವೆಯಾದ ಜೋಡಿಗಳು ಕೊಡಿ ಹಬ್ಬಕ್ಕೆ ಹೋಗಿ ಕಬ್ಬಿನ ಕೊಡಿ ತರುತ್ತಾರಲ್ಲ, ಅದೇ ಕೋಟೇಶ್ವರ. ಜೀವನವಿಡೀ ಮದುವೆ, ಗಂಡ, ಹೆಂಡತಿ ಎಂದು ಸಿನಿಮಾ ಮಾಡಿದ ಮನುಷ್ಯ ಆ ಊರಲ್ಲಿ ಹುಟ್ಟಿದ್ದು ನನಗಂತೂ ಸರಿಯಾಗಿಯೇ ಕಾಣುತ್ತದೆ.

ಆಗಿನ ಕನ್ನಡ ಸಿನಿಮಾ ಹೇಗಿತ್ತು, ಸ್ವಲ್ಪ ನೋಡಿ. 1970ರಲ್ಲಿ 'ಸಂಸ್ಕಾರ' ಬಂತು. 1975ರಲ್ಲಿ 'ಚೋಮನ ದುಡಿ' ಬಂತು. ಕಥೆ ನಮ್ಮ ಶಿವರಾಮ ಕಾರಂತರದ್ದು, ನಿರ್ದೇಶನ ಬಂಟ್ವಾಳದ ಕಡೆಯ ಬಿ.ವಿ. ಕಾರಂತರದ್ದು. ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣ ಕಮಲವೂ ಸಿಕ್ಕಿತು. ದೊಡ್ಡ ಸಿನಿಮಾಗಳು, ಎರಡು ಮಾತಿಲ್ಲ. ಆದರೆ ನಮ್ಮೂರಿನ ಟಾಕೀಸಿನಲ್ಲಿ ಇಂಥವನ್ನು ಎಷ್ಟು ಜನ ನೋಡಿದರು? ಇನ್ನೊಂದು ಕಡೆ ರಾಜ್‌ಕುಮಾರ್ ಸಿನಿಮಾ. ಟಾಕೀಸಿನ ಎದುರು ತೋರಣ, ಪಟಾಕಿ. ಒಂದು ಕಡೆ ಪ್ರಶಸ್ತಿ, ಇನ್ನೊಂದು ಕಡೆ ಪಟಾಕಿ. ಪುಟ್ಟಣ್ಣ ಕಣಗಾಲರನ್ನು ಬಿಟ್ಟರೆ ನಡುವಿನ ದಾರಿ ತುಳಿದವರು ಕಡಿಮೆ.

ಕಾಶಿನಾಥ್ ಆ ನಡುವೆ ನುಗ್ಗಿದರು. 1976ರಲ್ಲಿ 'ಅಪರೂಪದ ಅತಿಥಿಗಳು'. 1978ರಲ್ಲಿ 'ಅಪರಿಚಿತ'. ಈ 'ಅಪರಿಚಿತ' ಸಸ್ಪೆನ್ಸ್ ಸಿನಿಮಾ. ಸುರೇಶ್ ಹೆಬ್ಳೀಕರ್, ಜೊತೆಗೆ ಶೋಭಾ. ಮರುವರ್ಷವೇ 'ಪಸಿ' ಎಂಬ ತಮಿಳು ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಶೋಭಾ. ದೊಡ್ಡ ಸ್ಟಾರ್ ಒಬ್ಬರೂ ಇಲ್ಲ. ಆದರೂ ಜನ ನೋಡಿದರು. ಹಿಂದಿಯವರು ಕೇಳಿಕೊಂಡು ಬಂದರು. 1981ರಲ್ಲಿ ಮಿಥುನ್ ಚಕ್ರವರ್ತಿಯನ್ನು ಹಾಕಿ ಅದೇ ಕಥೆಯನ್ನು 'ಬೇಶಕ್' ಎಂದು ಇವರೇ ಮಾಡಿದರು.

ಸ್ಟಾರ್ ಇಲ್ಲ ಅಂದರೆ ಏನು ಲಾಭ ಗೊತ್ತುಂಟಾ? ಕಾಲ್‌ಶೀಟಿಗೆ ಕಾಯಬೇಕಾಗಿಲ್ಲ. ಅರ್ಧ ದುಡ್ಡು ಒಬ್ಬರ ಕಿಸೆಗೆ ಹೋಗುವುದಿಲ್ಲ. ಹೀರೋ ಸೋಲಬಾರದು, ಹೀರೋಗೆ ಪೆಟ್ಟು ಬೀಳಬಾರದು ಎಂಬ ರಗಳೆ ಇಲ್ಲ. ಜನರನ್ನು ಎಳೆದು ತರುವ ಕೆಲಸ ಪೂರ್ತಿ ಕಥೆಯದ್ದೇ. ಹಾಗಾಗಿ ಕಥೆ ಗಟ್ಟಿ ಇರಲೇಬೇಕು. ಅದಕ್ಕೇ ಹೇಳಿದ್ದು, ಟಿಕೆಟ್ ಮಾರಿ ಮಾಡಿದರು ಅಂತ.

ಈಗ 'ಅನುಭವ'. ಇಸವಿ 1984. ಇಲ್ಲಿ ನಾನು ನನ್ನದೇ ಒಂದು ಕಥೆ ಹೇಳಬೇಕು. ಐದು ನಿಮಿಷದಲ್ಲಿ ಮುಗಿಸಿ ಅಂದಿದ್ದಾರೆ, ನೋಡುವ.

ಆಗ ನನಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿ ಎರಡು ವರ್ಷ. ಉಡುಪಿಯಿಂದ ಉತ್ತರಕ್ಕೆ ಒಂದು ಸಣ್ಣ ಪೇಟೆ. ಒಂದು ಮನೆಯ ಹೊರಗಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಮನೆಯ ಯಜಮಾನರು ನಿವೃತ್ತ ಮಾಷ್ಟ್ರು. ಶಾಲೆ ಬಿಟ್ಟು ಆರು ವರ್ಷ ಆಗಿದ್ದರೂ ಇಡೀ ಪೇಟೆ ಅವರನ್ನು ಕಂಡರೆ ಎದ್ದು ನಿಲ್ಲುತ್ತಿತ್ತು. ಬಿಳಿ ಪಂಚೆ, ಕೊಡೆ, ಕಡಿಮೆ ಮಾತು. ಅಂಥವರ ಮನೆಯಲ್ಲಿದ್ದುಕೊಂಡು ನಾನು 'ಅನುಭವ' ನೋಡಲು ಹೋಗುವುದು ಹೇಗೆ? ಅದು ಅಂಥಾ ಸಿನಿಮಾ, ಇಂಥಾ ಸಿನಿಮಾ ಎಂದು ಪೇಟೆಯಿಡೀ ಗುಸುಗುಸು.

ನಮ್ಮ ಊರಲ್ಲಿ ರಾತ್ರಿ ಹೊರಗೆ ಹೋಗಲು ಒಂದು ಪುಣ್ಯದ ಕಾರಣ ಯಾವಾಗಲೂ ಉಂಟಲ್ಲ. ಮಾಷ್ಟ್ರ ಹೆಂಡತಿಯ ಹತ್ತಿರ, "ಅಮ್ಮಾ, ಆಟಕ್ಕೆ ಹೋಗ್ತೇನೆ, ಬಾಗಿಲು ಹಾಕ್ಕೊಳ್ಳಿ" ಅಂದೆ. ಯಕ್ಷಗಾನ ಅಂದರೆ ಯಾರು ಬೇಡ ಅನ್ನುತ್ತಾರೆ? ತಲೆಗೆ ಬೈರಾಸು ಸುತ್ತಿಕೊಂಡು ಸೆಕೆಂಡ್ ಶೋಗೆ ಹೋದೆ. ದೀಪ ಆರಿದ ಮೇಲೆಯೇ ಒಳಗೆ ಹೊಕ್ಕಿದ್ದು, ಕತ್ತಲಲ್ಲಿ ಕುರ್ಚಿ ತಡಕಾಡಿ ಕೂತಿದ್ದು.

ಸಿನಿಮಾ ಶುರುವಾಯಿತು. ನಾನು ಏನನ್ನು ನೋಡಲು ಹೋಗಿದ್ದೆನೋ ಅದು ಅಲ್ಲಿ ಇರಲಿಲ್ಲ, ನಿಜ ಹೇಳಬೇಕಲ್ಲ. ಇದ್ದದ್ದು ಒಬ್ಬ ಪೇಚಿಗೆ ಸಿಕ್ಕ ಹುಡುಗ. ಅವನಿಗೆ ಕಟ್ಟಿದ ಹೆಂಡತಿಗೆ ಮದುವೆ ಅಂದರೆ ಏನೆಂದೇ ಗೊತ್ತಿಲ್ಲ, ಆಟವಾಡುವ ವಯಸ್ಸಿನ ಎಳೆಯ ಹುಡುಗಿ. ಜನ ಶುರುವಿನಲ್ಲಿ ಸಿಳ್ಳೆ ಹಾಕಿದರು, ಜೋರಾಗಿ ನಕ್ಕರು. ಹೋಗುತ್ತಾ ಹೋಗುತ್ತಾ ನಗು ಕಡಿಮೆಯಾಯಿತು. ಒಂದು ಹೊತ್ತಿನಲ್ಲಿ ಟಾಕೀಸಿನಲ್ಲಿ ಫ್ಯಾನಿನ ಸದ್ದು ಮಾತ್ರ.

ಇಂಟರ್‌ವೆಲ್‌ಗೆ ದೀಪ ಹತ್ತಿತು. ಪಕ್ಕದ ಕುರ್ಚಿಯಲ್ಲಿ ನನ್ನ ಹಾಗೇ ಬೈರಾಸು ಸುತ್ತಿಕೊಂಡವರು ಒಬ್ಬರು. ತಿರುಗಿ ನೋಡಿದೆ. ಮಾಷ್ಟ್ರು!

ಇಬ್ಬರಿಗೂ ಮಾತಿಲ್ಲ. ನೆಲಗಡಲೆ ಮಾರುವ ಹುಡುಗ ಬಂದ. ಮಾಷ್ಟ್ರು ಎರಡು ಪೊಟ್ಟಣ ತೆಗೆದುಕೊಂಡು ಒಂದನ್ನು ನನ್ನ ಕೈಗೆ ಕೊಟ್ಟರು. ಸಿನಿಮಾ ಮುಗಿದ ಮೇಲೆ ಜೊತೆಗೇ ನಡೆದೆವು. ಗದ್ದೆ ಬದುವಿನ ದಾರಿ, ಟಾರ್ಚ್ ಅವರ ಕೈಯಲ್ಲಿ. ಸುಮಾರು ದೂರ ನಡೆದ ಮೇಲೆ, "ನೀನು ಮನೆಯಲ್ಲಿ ಎಂತ ಹೇಳಿ ಬಂದದ್ದು?" ಅಂದರು. ಆಟಕ್ಕೆ ಅಂದೆ. "ನಾನೂ ಅದೇ ಹೇಳಿದ್ದು ಮಾರಾಯ" ಅಂದರು. ಮತ್ತೆ ಸುಮ್ಮನಾದರು.

ಗೇಟಿನ ಹತ್ತಿರ ಬಂದಾಗ ನಿಂತರು. "ಇವಳು ನಮ್ಮ ಮನೆಗೆ ಬರುವಾಗ ಹದಿಮೂರು ವರ್ಷ. ನೆಂಟರು ಬಂದಾಗ ಗೇರು ಮರದ ಮೇಲೆ ಕೂತಿದ್ದಳು. ಅಮ್ಮ ಕೆಳಗೆ ಕೋಲು ಹಿಡ್ಕೊಂಡು ನಿಂತಿದ್ದರು. ನಾನು ನೋಡ್ತಾ ಇದ್ದೆ" ಅಂದರು. ಅಷ್ಟೇ. ಟಾರ್ಚ್ ಆರಿಸಿ ಒಳಗೆ ಹೋದರು.

ಬೆಳಿಗ್ಗೆ ಮಾಷ್ಟ್ರಮ್ಮ ದೋಸೆ ಬಡಿಸುತ್ತಾ ಕೇಳಿದರು, "ನಿನ್ನೆ ಯಾವ ಪ್ರಸಂಗ?" ನಾನು ಮಾಷ್ಟ್ರ ಮುಖ ನೋಡಿದೆ. ಅವರು ದೋಸೆ ನೋಡಿದರು. ಆ ಹೆಂಗಸು ಏನು ದಡ್ಡಿಯಾ? "ಹೆಂಗಸರಿಗೆ ಇಲ್ವಾ ಆ ಆಟ?" ಅಂದು ಒಳಗೆ ಹೋದರು.

ಎರಡು ಮೂರು ವರ್ಷ ಆದ ಮೇಲೆ ನೆರೆಮನೆಯ ಗೃಹಪ್ರವೇಶಕ್ಕೆ ಕ್ಯಾಸೆಟ್ ಹಾಕಿ ಸಿನಿಮಾ ನೋಡುವ ವಿಸಿಪಿ ಬಾಡಿಗೆಗೆ ತಂದಿದ್ದರು. ರಾತ್ರಿ ಮಕ್ಕಳು ಮಲಗಿದ ಮೇಲೆ ಯಾರೋ 'ಅನುಭವ'ದ ಕ್ಯಾಸೆಟ್ ಹಾಕಿದರು. ಮಾಷ್ಟ್ರಮ್ಮ ಕಂಬಕ್ಕೆ ಒರಗಿ ಕೂತು ಕಡೆಯವರೆಗೂ ನೋಡಿದರು. ಎದ್ದು ಹೋಗುವಾಗ ಗಂಡನ ಹತ್ತಿರ ಹೇಳಿದ್ದು ನನಗೆ ಕೇಳಿಸಿತು: "ಇದನ್ನು ನೋಡ್ಲಿಕ್ಕೆ ನೀವು ಮುಂಡಾಸು ಕಟ್ಕೊಂಡು ಹೋದದ್ದಾ?"

ಆ ಪ್ರಶ್ನೆಯನ್ನೇ ನಾನು ಈಗ ನಿಮಗೂ ಕೇಳುತ್ತೇನೆ. ಕಾಶಿನಾಥ್ ಅಂದರೆ ಡಬಲ್ ಮೀನಿಂಗ್ ಎಂದು ಹೇಳಿ ಕೈ ತೊಳೆದುಕೊಳ್ಳುತ್ತೀರಲ್ಲ, ನೋಡಿದ್ದೀರಾ? ಎಳೆಯ ಹುಡುಗಿಗೆ ಮದುವೆ ಮಾಡಬೇಡಿ ಎಂದು ಭಾಷಣ ಮಾಡಿದ್ದರೆ ನಮ್ಮ ಮಾಷ್ಟ್ರು ಸೆಕೆಂಡ್ ಶೋಗೆ ಬರುತ್ತಿದ್ದರಾ? ಆ ಸುದ್ದಿ, ಆ ಗುಸುಗುಸು ಅವರನ್ನು ಒಳಗೆ ಎಳೆದು ತಂದದ್ದು. ಒಳಗೆ ಬಂದ ಮೇಲೆ ಗೇರು ಮರ ನೆನಪಾದದ್ದು. ಬೇರೆ ಥರದ ಸಿನಿಮಾ, ಆದರೆ ಟಿಕೆಟ್ ಮಾರಿ.

ಯಕ್ಷಗಾನ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಂಗದಲ್ಲಿ ರಾಜ ಇರುತ್ತಾನೆ, ಕಿರೀಟ ಇರುತ್ತದೆ. ಆದರೆ ರಾಜನ ಮುಖಕ್ಕೇ ಹೇಳಬೇಕಾದ್ದನ್ನು ಹೇಳುವವನು ಯಾರು? ಹಾಸ್ಯಗಾರ. ಜನ ನಗುತ್ತಾರೆ ಎಂಬ ಧೈರ್ಯದಲ್ಲಿ ಅವನು ಏನು ಬೇಕಾದರೂ ಹೇಳಬಹುದು. ಕಾಶಿನಾಥ್ ಹೀರೋ ಜಾಗದಲ್ಲಿ ಹಾಸ್ಯಗಾರನನ್ನು ನಿಲ್ಲಿಸಿದರು. ತಾವೇ ನಿಂತರು. ಪೊಲೀಸಿಗೋ ರೌಡಿಗೋ ಹೊಡೆಯುವ ಮೈಕಟ್ಟು ಇಲ್ಲ, ತಾಲೂಕು ಕಚೇರಿಯ ಗುಮಾಸ್ತನಂಥ ಮುಖ. ಆ ಮುಖವನ್ನೇ ಪೋಸ್ಟರಿಗೆ ಹಾಕಿ ದುಡ್ಡು ಮಾಡಿದರು, ಅಲ್ವಾ?

'ಅನುಭವ'ದಲ್ಲಿ ಒಂದು ಪಾತ್ರ ಮಾಡಿದ ನಾಟಕದ ಹೆಣ್ಣುಮಗಳು ಯಾರು? ಉಮಾಶ್ರೀ. ಅಲ್ಲಿಂದ ಅವರು ಸಿನಿಮಾದವರಾದರು. ಮುಂದೆ ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್'ಗೆ ರಾಷ್ಟ್ರಪ್ರಶಸ್ತಿ ತೆಗೆದುಕೊಂಡರು. ಕುಂದಾಪುರದ ವೈದೇಹಿಯವರ ಕಥೆ, ಕಡಲ ದಡದ ಮೀನುಗಾರರ ಊರು. ಪ್ರಶಸ್ತಿಯ ಸಿನಿಮಾದವರು ಹೊಗಳುವ ನಟಿಯನ್ನು ಜನರ ಮುಂದೆ ತಂದು ನಿಲ್ಲಿಸಿದ್ದು ಡಬಲ್ ಮೀನಿಂಗ್ ಎಂದು ನೀವು ಬದಿಗಿಟ್ಟ ಸಿನಿಮಾ!

ಹೊತ್ತಾಯಿತು. ಉಳಿದದ್ದನ್ನು ಓಡಿಸುತ್ತೇನೆ. 1986ರಲ್ಲಿ 'ಅನುಭವ'ವನ್ನೂ ಹಿಂದಿಗೆ ಒಯ್ದರು. 1988ರಲ್ಲಿ 'ಅವಳೇ ನನ್ನ ಹೆಂಡ್ತಿ', ವರದಕ್ಷಿಣೆಯ ಕಥೆ. ನಿರ್ದೇಶನ ಅವರದ್ದಲ್ಲ, ಆದರೆ ಹೀರೋ ಅವರೇ. ಅದು ಹಿಂದಿಗೆ ಹೋದಾಗ ಆ ಜಾಗದಲ್ಲಿ ನಿಂತದ್ದು ಆಮಿರ್ ಖಾನ್. 1989ರಲ್ಲಿ 'ಅನಂತನ ಅವಾಂತರ'. 1991ರಲ್ಲಿ 'ಅಜಗಜಾಂತರ', ದುಡ್ಡಿನ ಆಸೆಗೆ ಗಂಡನನ್ನೇ ಇನ್ನೊಬ್ಬಳಿಗೆ ಬಿಟ್ಟುಕೊಡುವ ಹೆಂಡತಿಯ ಕಥೆ. ಹೆಸರುಗಳನ್ನು ಗಮನಿಸಿದಿರಾ? ಹೆಚ್ಚಿನವು 'ಅ' ಅಕ್ಷರದಿಂದಲೇ. ಎಲ್ಲವೂ ಒಂದೇ ತೂಕದ್ದು ಎಂದು ನಾನು ಹೇಳುವುದಿಲ್ಲ. ಆಮೇಲೆ ಆಮೇಲೆ ಕೆಲವದರಲ್ಲಿ ಮಾತು ಜಾಸ್ತಿ, ಕಥೆ ಕಡಿಮೆ. ಅದನ್ನು ಒಪ್ಪುತ್ತೇನೆ, ಮುಂದೆ ಹೋಗುತ್ತೇನೆ.

ಶಿಷ್ಯರ ಬಗ್ಗೆ ಹತ್ತು ನಿಮಿಷ ಹೇಳಬೇಕೆಂದಿದ್ದೆ. ಈಗ ಒಂದೇ ನಿಮಿಷ. ಉಪೇಂದ್ರ ಇವರ ಹತ್ತಿರ ಕಲಿತವರು. ವಿಟ್ಲದ ವಿ. ಮನೋಹರ್ ಇದೇ ಬಳಗದವರು. 1992ರಲ್ಲಿ ಉಪೇಂದ್ರ 'ತರ್ಲೆ ನನ್ಮಗ' ನಿರ್ದೇಶಿಸಿದಾಗ ಸಂಗೀತ ಮನೋಹರ್ ಅವರದ್ದು. ಮರುವರ್ಷ 'ಶ್!' ಬಂತು, ಅದರಲ್ಲಿ ಗುರು ಕಾಶಿನಾಥ್ ಶಿಷ್ಯನ ಕೈಕೆಳಗೆ ನಟಿಸಿದರು. ಎಷ್ಟು ಜನ ಗುರುಗಳು ಹಾಗೆ ಮಾಡುತ್ತಾರೆ? 1995ರಲ್ಲಿ ಉಪೇಂದ್ರರ 'ಓಂ'. 1998ರಲ್ಲಿ ಉಪೇಂದ್ರ ತಾವೇ ಹೀರೋ ಆಗಿ ಮಾಡಿದ ಸಿನಿಮಾದ ಹೆಸರೇ 'ಎ'. ಗುರುವಿನದ್ದು 'ಅ', ಶಿಷ್ಯನದ್ದು 'ಎ'. ಇದು ಗುರುದಕ್ಷಿಣೆಯೋ ತರಲೆಯೋ, ನೀವೇ ತೀರ್ಮಾನ ಮಾಡಿ. ಆದರೆ ಉಪೇಂದ್ರ ಮಾಡಿದ್ದು ಕೂಡ ಅದೇ ಅಲ್ವಾ? ಬೇರೆ ಥರದ ಸಿನಿಮಾ, ಟಿಕೆಟ್ ಮಾರಿ.

2017ರಲ್ಲಿ 'ಚೌಕ' ಬಂತು. ಅದರಲ್ಲಿ ಕಾಶಿನಾಥ್ ಅಪ್ಪನ ಪಾತ್ರ ಮಾಡಿದರು. ನಮ್ಮ ಮಂಗಳೂರಿನ ಅನುರಾಧಾ ಭಟ್ ಹಾಡಿದ ಅಪ್ಪನ ಹಾಡು ಉಂಟಲ್ಲ, ಹಳ್ಳಿ ಹಳ್ಳಿಯ ಶಾಲಾ ವಾರ್ಷಿಕೋತ್ಸವದಲ್ಲಿ ಮಕ್ಕಳು ಕುಣಿಯುತ್ತಾರಲ್ಲ, ಅದರಲ್ಲಿರುವ ಅಪ್ಪ ಇವರೇ. ಬೈರಾಸು ಸುತ್ತಿಕೊಂಡು ಇವರ ಸಿನಿಮಾ ನೋಡಿದ ಅಜ್ಜಂದಿರ ಮೊಮ್ಮಕ್ಕಳು ಆ ಹಾಡಿಗೆ ವೇದಿಕೆ ಹತ್ತಿದರು. 2018ರ ಜನವರಿ 18ರಂದು ಕಾಶಿನಾಥ್ ಹೋದರು. 66 ವರ್ಷ.

ಮಾಷ್ಟ್ರೂ ಇಲ್ಲ, ಮಾಷ್ಟ್ರಮ್ಮನೂ ಇಲ್ಲ. ಆ ಟಾಕೀಸೂ ಇಲ್ಲ. ಈಗ ಅಲ್ಲಿ ಮದುವೆ ಹಾಲ್ ಆಗಿದೆ, ಅದೊಂದು ತಮಾಷೆ.

ನನ್ನ ಮಾತಿನ ನಂತರ 'ಅಪರಿಚಿತ'ದ ಹಾಡು ಹಾಕುತ್ತಾರೆ. 'ಸವಿ ನೆನಪುಗಳು ಬೇಕು', ಹಾಡಿದ್ದು ವಾಣಿ ಜಯರಾಂ, ಸಂಗೀತ ಎಲ್. ವೈದ್ಯನಾಥನ್. ಈ ಹಾಡು ನಿಮಗೆಲ್ಲ ಬಾಯಿಪಾಠ. ಸಿನಿಮಾ ಯಾರದ್ದು ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ತಲೆ ಕೆರೆದುಕೊಳ್ಳುತ್ತೀರಿ. ಹಾಡನ್ನು ನಡುವೆ ನಿಲ್ಲಿಸದೆ ಪೂರ್ತಿ ಹಾಕಿ ಎಂದು ಇಲ್ಲಿಯವರ ಹತ್ತಿರ ಎರಡು ಸಲ ಹೇಳಿದ್ದೇನೆ. ನೋಡುವ, ಏನು ಮಾಡುತ್ತಾರೋ. ನಮಸ್ಕಾರ.